ಪರದೇಶದ ಕಾಸು

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯಲ್ಲಿ ಕೋಶವೆಂದರೆ ಗ್ರಂಥವೆಂದೇ ಎಲ್ಲರೂ ಅರ್ಥಮಾಡುವುದು ವಾಡಿಕೆ. ಆದರೆ ಕೋಶವೆಂಬ ಶಬ್ದಕ್ಕೆ ಬೊಕ್ಕಸವೆಂಬ ಅರ್ಥವೂ ಉಂಟು. ಈ ಎರಡನೆಯ ಅರ್ಥವನ್ನು ಹಿಡಿದು ನಡೆಯುವವನು ನಾಣ್ಯಸಂಗ್ರಾಹಕ. ಅವನು ದೇಶ ಸುತ್ತಬೇಕಾದುದಿಲ್ಲ; ದೇಶಗಳೇ ಅವನ ಪುಟ್ಟ ಬೊಕ್ಕಸವನ್ನು ಹುಡುಕಿಕೊಂಡು ಬರುತ್ತವೆ. ಬಂದುದನ್ನು ಅವನು ಓದಬಲ್ಲನೇ ಇಲ್ಲವೇ ಎಂಬುದರ ಮೇಲೆ ಅವನ ಹವ್ಯಾಸದ ಬೆಲೆ ನಿಂತಿದೆ.

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡವನ್ನು ಹೊರಗಿನವರು ಬಲ್ಲುದು ಸಕ್ಕರೆ ಕಾರ್ಖಾನೆಯ ಊರೆಂದು. ಭದ್ರೆಯ ನೀರು, ಬತ್ತದ ಗದ್ದೆ, ಕಬ್ಬಿನ ಗಾಡಿ ಇವುಗಳ ನಡುವೆ ಇಂತಹ ಊರಿನಲ್ಲಿ ನಾಣ್ಯ ಕೂಡಿಸುವ ಗೃಹಸ್ಥನೊಬ್ಬನಿದ್ದಾನೆಂದು ಇಟ್ಟುಕೊಳ್ಳಬಹುದು. ಹದಿನೈದು ಇಪ್ಪತ್ತು ವರ್ಷಗಳ ಪರಿಶ್ರಮದಿಂದ ಆತನ ಪೆಟ್ಟಿಗೆ ಒಂದು ಬಗೆಯಾಗಿ ತುಂಬಿದೆ. ಕಂಪನಿ ಸರಕಾರದ 1835ರ ರೂಪಾಯಿಯಿಂದ ಮೊದಲುಗೊಂಡು ವಿಕ್ಟೋರಿಯ ರಾಣಿ, ಎಡ್ವರ್ಡ್, ಇಬ್ಬರು ಜಾರ್ಜರು, ಎಲ್ಲರೂ ಸಾಲಾಗಿ ಕುಳಿತಿದ್ದಾರೆ. ಯುದ್ಧಕಾಲದಲ್ಲಿ ತಾಮ್ರವನ್ನು ಉಳಿಸಲೆಂದು 1943ರಿಂದ ಹೊರಡಿಸಿದ ತೂತಿನ ಕಾಸು ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮೈಲಿ ಕಾಸು’ ಇದೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಗಳಾಗಿ ಒಡೆದ ಮೇಲಿನ ಚಿಲ್ಲರೆಯೂ ಇದೆ. ಇನ್ನು ಆಲ್ಬಮಿನಲ್ಲಿ ಖಾಲಿಯಾಗಿ ಉಳಿದ ಮನೆಗಳು ಕೆಲವೇ. ಆದರೆ ಆ ಕೆಲವು ಮನೆಗಳನ್ನು ತುಂಬಬೇಕಾದರೆ ವಾಸದ ಮನೆಯನ್ನೇ ಒತ್ತೆ ಇಡಬೇಕು! ಉಳಿದವುಗಳೆಲ್ಲ ಚಿನ್ನದವು, ಇಲ್ಲವೇ ಅಪರೂಪದವು.

ಈ ಹಂತದಲ್ಲಿ ಸಂಗ್ರಾಹಕನ ಕಣ್ಣು ಸಮುದ್ರದಾಚೆಗೆ ಹೊರಳುವುದು ಸ್ವಾಭಾವಿಕ. ಹೊರಳಿದೊಡನೆಯೇ ಮನೆಯೊಳಗಿನಿಂದ ಒಂದು ಪ್ರಶ್ನೆ ಬರುವುದೂ ಅಷ್ಟೇ ಸ್ವಾಭಾವಿಕ.

“ಅಲ್ಲರೀ, ಇಲ್ಲಿ ನಡೆಯುವ ದುಡ್ಡೇ ಕೈಯಲ್ಲಿ ನಿಲ್ಲುವುದಿಲ್ಲ. ಎಲ್ಲಿಯೂ ನಡೆಯದ ದುಡ್ಡನ್ನು ದುಡ್ಡು ಕೊಟ್ಟು ತರುತ್ತೀರಾ?”

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಸಂಸಾರದ ಹಣ ಹೊರಗೆ ಹೋಗುವಾಗ ಕೇಳಬೇಕಾದ ಪ್ರಶ್ನೆಯೇ ಇದು. ಇದಕ್ಕೆ ಸರಿಯಾದ ಉತ್ತರ ದೊರೆತ ಮೇಲೆಯೇ ಪರದೇಶದ ನಾಣ್ಯಕ್ಕೆ ಕೈಹಾಕುವುದು ಮೇಲು.

ಹೊರಗಿನದೆಂಬುದು ಯಾವುದು?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಪರದೇಶದ ನಾಣ್ಯ ಕನ್ನಡನಾಡಿಗೆ ಹೊಸ ಅತಿಥಿಯಲ್ಲ. ದಾವಣಗೆರೆಯಿಂದ ಒಂದೆರಡು ಗಂಟೆಯ ಹಾದಿಯಲ್ಲಿ ಚಿತ್ರದುರ್ಗದ ಬೆಟ್ಟದ ಮಗ್ಗುಲಿಗೆ ಚಂದ್ರವಳ್ಳಿಯಿದೆ. ಅಲ್ಲಿಯ ನೆಲದಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ‘ದಿನಾರಿಯಸ್’ ಎಂಬುದು ಆ ನಾಣ್ಯದ ಹೆಸರು. ಚೀನಾ ದೇಶದ ನಾಣ್ಯವೊಂದೂ ಅಲ್ಲಿ ಸಿಕ್ಕಿದ್ದು, ಅದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ಒಂದು ನಿಧಿಯೇ ಹೊರಬಿತ್ತು. ಅದರಲ್ಲಿ ನೂರಕ್ಕೂ ಮಿಕ್ಕಿ ನಾಣ್ಯಗಳಿದ್ದವು. ಹಾನಗಲ್ ಸೀಮೆಯ ಅಕ್ಕಿ ಆಲೂರಿನಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ದೊರೆತಿವೆ.

ಈ ಹಣವೆಲ್ಲ ಇಲ್ಲಿಗೆ ಬಂದುದು ವ್ಯಾಪಾರದಿಂದ. ಮೆಣಸು, ಮುತ್ತು, ರತ್ನ, ನವಿರಾದ ಬಟ್ಟೆ ಇವುಗಳಿಗಾಗಿ ಭಾರತವು ವರ್ಷಕ್ಕೆ ಐದು ಕೋಟಿ ‘ಸೆಸ್ಟರ್ಸ್’ಗಳನ್ನು ರೋಮಿನಿಂದ ಸೆಳೆದುಕೊಳ್ಳುತ್ತದೆಯೆಂದು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಪ್ಲಿನಿಯೆಂಬ ರೋಮನ್ ಪಂಡಿತನು ಸಂಕಟಪಟ್ಟು ಬರೆದಿದ್ದಾನೆ. ನಾಲ್ಕು ಸೆಸ್ಟರ್ಸುಗಳಿಗೆ ಒಂದು ದಿನಾರಿಯಸ್. ಎಂದರೆ ಅವನ ಲೆಕ್ಕದಂತೆ ವರ್ಷಕ್ಕೆ ಒಂದೂಕಾಲು ಕೋಟಿ ಬೆಳ್ಳಿ ನಾಣ್ಯಗಳಷ್ಟು ಬೆಲೆಯ ಹೊನ್ನು ಬೆಳ್ಳಿ ಹಡಗು ಹತ್ತಿ ಇತ್ತ ಬರುತ್ತಿತ್ತು. ಪ್ಲಿನಿಯ ಲೆಕ್ಕದಲ್ಲಿ ಗೊಣಗಾಟದ ಪಾಲು ಎಷ್ಟಿದ್ದರೂ ಇರಲಿ. ನಮ್ಮ ನೆಲದಲ್ಲಿ ಸಿಗುವ ನಾಣ್ಯಗಳು ಅವನ ಮಾತಿಗೆ ಸಾಕ್ಷಿ ನುಡಿಯುತ್ತವೆ.

ಕೊರಳಿನಲ್ಲಿ ವೆನಿಸ್ ನಗರ

ನೆಲದೊಳಗಿನ ಮಾತು ಹಾಗಿರಲಿ. ಎಷ್ಟೋ ಮನೆಗಳ ಹಳೆಯ ಒಡವೆಪೆಟ್ಟಿಗೆಯಲ್ಲಿಯೇ ಪರದೇಶದ ನಾಣ್ಯವಿರುತ್ತದೆ. ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹೆಸರುವಾಸಿಯಾದ ‘ಪುತಳಿ ಸರ’ವನ್ನು ಸೂಕ್ಷ್ಮವಾಗಿ ನೋಡಿದವರು ಕೆಲವರೇ. ಅದರ ಬಿಲ್ಲೆಗಳ ಮೂಲ ಇಟಲಿಯ ವೆನಿಸ್ ನಗರದ ‘ಡುಕಾಟ್’ ಎಂಬ ಚಿನ್ನದ ನಾಣ್ಯ. 1284ರಲ್ಲಿ ಮೊದಲು ಟಂಕಿಸಿದ ಈ ನಾಣ್ಯವು 1797ರಲ್ಲಿ ಆ ಗಣರಾಜ್ಯ ಅಳಿಯುವವರೆಗೂ ತೂಕದಲ್ಲಾಗಲಿ ಚಿತ್ರದಲ್ಲಾಗಲಿ ಹೆಚ್ಚು ಬದಲಾಗಲಿಲ್ಲ. ಮೂರೂವರೆ ಗ್ರಾಂ ತೂಕ, ಬಹುಮಟ್ಟಿಗೆ ಅಪರಂಜಿ. ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್ಸಿನ ಅಧಿಪತಿ; ಇನ್ನೊಂದು ಮುಖದಲ್ಲಿ ನಕ್ಷತ್ರಗಳ ನಡುವೆ ನಿಂತ ಏಸುಕ್ರಿಸ್ತ.

ನಮ್ಮ ಜನರಿಗೆ ಸಂತ ಮಾರ್ಕನೂ ಗೊತ್ತಿಲ್ಲ, ವೆನಿಸ್ಸಿನ ದೊರೆಯೂ ಗೊತ್ತಿಲ್ಲ. ಎರಡು ಪುತ್ತಳಿಗಳು ಎದುರುಬದುರಾಗಿ ನಿಂತಿವೆ. ಆದುದರಿಂದ ಅದು ‘ಪುತಳಿ’ಯಾಯಿತು. ಆ ಜೋಡಿಯನ್ನು ಸೀತಾರಾಮರೆಂದು ಭಾವಿಸಿ ಪೂಜಿಸಿದವರೂ ಉಂಟು. ಬೇಡಿಕೆ ಹೆಚ್ಚಿದಾಗ ಇಲ್ಲಿಯ ಅಕ್ಕಸಾಲಿಗರೇ ಅದನ್ನು ಅನುಕರಿಸಿ ಬಿಲ್ಲೆಗಳನ್ನು ಮಾಡಿದರು. ಅಂತಹ ಬಿಲ್ಲೆಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೆಯಬಾರದವರು ಬರೆದ ಗೀಟುಗಳಂತೆ ಅಸ್ತವ್ಯಸ್ತವಾಗಿರುತ್ತವೆ. ಅಸಲು ವೆನಿಸ್ ನಾಣ್ಯಕ್ಕೂ ಇಲ್ಲಿಯ ಅನುಕರಣಕ್ಕೂ ಇರುವ ಮುಖ್ಯ ಗುರುತು ಈ ಅಕ್ಷರಗಳೇ. ಅನುಕರಣವಾದರೂ ಹೀನವೇನಲ್ಲ, ಎರಡು ನಾಡುಗಳ ಕೈಗಳು ಸೇರಿ ಮಾಡಿದ ವಸ್ತು ಅದು.

ಇನ್ನು ‘ಪವನು’. ಚಿನ್ನದಂಗಡಿಗೆ ಕಾಲಿಟ್ಟ ಗೃಹಿಣಿಗೆ ಈ ಮಾತನ್ನು ವಿವರಿಸಬೇಕಾದುದೇ ಇಲ್ಲ. ಎಂಟು ಗ್ರಾಂ ಎಂದು ತಟ್ಟನೆ ಹೇಳಿಬಿಡುತ್ತಾಳೆ. ಈ ಎಂಟು ಗ್ರಾಮಿನ ಹಿಂದೆ ನಿಂತಿರುವುದು ಇಂಗ್ಲೆಂಡಿನ ಸವರನ್ ನಾಣ್ಯ. 1817ರಲ್ಲಿ ಈಗಿನ ರೂಪ ತಳೆದ ಈ ನಾಣ್ಯದ ತೂಕ 7.98 ಗ್ರಾಂ, ಮಚ್ಚು 22 ಕ್ಯಾರಟ್. ಕುದುರೆಯ ಮೇಲೆ ಕುಳಿತು ಸರ್ಪಾಕಾರದ ಪ್ರಾಣಿಯನ್ನು ತಿವಿಯುತ್ತಿರುವ ಸಂತ ಜಾರ್ಜನ ಚಿತ್ರವನ್ನು ಕೆತ್ತಿದವನು ಪಿಸ್ಟ್ರೂಚಿ ಎಂಬ ಇಟಲಿಯ ಕಲಾವಿದ. ಸಂಗ್ರಾಹಕರಿಗೆ ಇದರಲ್ಲಿ ಒಂದು ಸ್ವಾರಸ್ಯವುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮುಂಬಯಿಯ ಟಂಕಸಾಲೆಯಲ್ಲಿಯೇ ಸವರನ್ ನಾಣ್ಯಗಳನ್ನು ಅಚ್ಚುಹಾಕಿದರು. ಅಂತಹವುಗಳ ಮೇಲೆ, ಇಸವಿಯ ಹತ್ತಿರ, ‘ಐ’ ಎಂಬ ಸಣ್ಣ ಇಂಗ್ಲಿಷ್ ಅಕ್ಷರವಿರುತ್ತದೆ. ಆ ಒಂದು ವರ್ಷ ಬಿಟ್ಟರೆ ಆ ಗುರುತು ಆ ಕಾಲದ ಬೇರಾವ ಸವರನ್ನಿನಲ್ಲಿಯೂ ಇಲ್ಲ. ಅಜ್ಜಿಯ ಕಾಸಿನ ಸರದಲ್ಲಿ ಸವರನ್ನುಗಳಿದ್ದರೆ ಭೂತಗನ್ನಡಿ ಹಿಡಿದು ಒಮ್ಮೆ ನೋಡುವುದರಲ್ಲಿ ನಷ್ಟವಿಲ್ಲ. ಹೊಸ ಮಾದರಿಯ ಒಡವೆಗಾಗಿ ಕರಗಿಸುವ ಮೊದಲು ನೋಡುವುದಂತೂ ಕರ್ತವ್ಯವೇ ಸರಿ.

ಮಾತುಗಳಲ್ಲಿಯೂ ಈ ಕೊಡು-ಕೊಳ್ಳುವಿಕೆ ನಡೆದಿದೆ. ಗ್ರೀಕರ ‘ದ್ರಾಖ್ಮೆ’ ನಮ್ಮಲ್ಲಿ ‘ದ್ರಮ್ಮ’ವಾಗಿ ಶಾಸನಗಳನ್ನು ಹೊಕ್ಕಿತು. ರೋಮಿನ ‘ದಿನಾರಿಯಸ್’ ಸಂಸ್ಕೃತದಲ್ಲಿ ‘ದೀನಾರ’ವಾಯಿತು. ವಿಜಯನಗರದ ಅರ್ಧ ವರಹಕ್ಕೆ ‘ಪ್ರತಾಪ’ವೆಂದು ಹೆಸರಿದ್ದಿತು, ಗೋವೆಯ ಪೋರ್ಚುಗೀಸರು ಅದನ್ನು ತಿರುಚಿ ‘ಪರ್ದಾವ್’ ಎಂದರು. ನಮ್ಮ ‘ಕಾಸು’ ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿನಲ್ಲಿ ‘ಕ್ಯಾಷ್’ ಆಯಿತು. ಚೀನಾ ದೇಶದ ಚೌಕತೂತಿನ ನಾಣ್ಯವನ್ನು ಇಂದಿಗೂ ಜಗತ್ತಿನ ಸಂಗ್ರಾಹಕರು ಕರೆಯುವುದು ಇದೇ ಹೆಸರಿನಿಂದ! ಮುಮ್ಮಡಿಯವರ ತಾಮ್ರದ ನಾಣ್ಯದಲ್ಲಿ ಕನ್ನಡದ ‘ಕಾಸು’ ಮತ್ತು ಇಂಗ್ಲಿಷಿನ ‘ಕ್ಯಾಷ್’ ಎರಡೂ ಅಕ್ಕಪಕ್ಕದಲ್ಲಿ ನೆಲೆಸಿವೆ. ತವರಿನಲ್ಲಿ ಉಳಿದ ಅಕ್ಕನೂ ಪರದೇಶದಿಂದ ಬಂದ ತಂಗಿಯೂ ಒಂದೇ ಮಣೆಯ ಮೇಲೆ ಕುಳಿತಂತೆ.

ಇಷ್ಟನ್ನು ತಿಳಿದ ಮೇಲೆ ಆ ಗೃಹಿಣಿಯ ಪ್ರಶ್ನೆಗೆ ಉತ್ತರದ ಅರ್ಧಭಾಗ ದೊರೆತಂತಾಯಿತು. ಪರದೇಶದ ನಾಣ್ಯವನ್ನು ಕೊಳ್ಳುವುದು ಚಲಾವಣೆಗಾಗಿ ಅಲ್ಲ. ಮನೆಯಲ್ಲಿರುವ ನಾಣ್ಯದ ನಂಟರನ್ನು ಗುರುತಿಸುವುದಕ್ಕಾಗಿ. ನಂಟಸ್ತಿಕೆಯಿಲ್ಲದ ಕಾಸನ್ನು ಕಂಡಕಂಡಲ್ಲಿ ಕೊಂಡು ಡಬ್ಬಿಗೆ ತುಂಬಿದರೆ ಅದು ಸಂಗ್ರಹವಲ್ಲ, ಗುಜರಿ. ಉತ್ತರದ ಇನ್ನರ್ಧ ಹಣಕಾಸಿನದು.

ಎಲ್ಲಿಂದ ಆರಂಭಿಸಬೇಕು?

ಜಗತ್ತಿನ ಎಲ್ಲ ದೇಶಗಳ ಎಲ್ಲ ನಾಣ್ಯಗಳನ್ನು ಕೂಡಿಸುವೆನೆಂದು ಹೊರಟವನು ಸಮುದ್ರವನ್ನು ಚಮಚದಿಂದ ಅಳೆಯಲು ಹೊರಟವನಂತೆ. ಒಂದು ಎಳೆಯನ್ನು ಹಿಡಿಯಬೇಕು. ಕನ್ನಡಿಗ ಸಂಗ್ರಾಹಕನಿಗೆ ಅನುಕೂಲವಾದ, ಕೈಗೆ ಎಟಕುವ ಎಳೆಗಳು ಹಲವಾರಿವೆ.

ಮೊದಲನೆಯದು ರೂಪಾಯಿಯ ಬಂಧುಬಳಗ. ಹದಿನಾರನೆಯ ಶತಮಾನದಲ್ಲಿ ಶೇರ್ ಶಹನು ನೆಲೆಗೊಳಿಸಿದ ಬೆಳ್ಳಿಯ ರೂಪಾಯಿಯ ಸಂತಾನ ಎಲ್ಲೆಲ್ಲಿ ಹರಡಿದೆಯೆಂಬುದನ್ನು ನೋಡಿದರೆ ಬೆರಗಾಗುತ್ತದೆ. ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್, ಸೇಶಲ್ಸ್ ದೇಶಗಳಲ್ಲಿ ರೂಪಾಯಿಯೇ ನಾಣ್ಯದ ಹೆಸರು. ಇಂಡೊನೇಷಿಯಾದ ‘ರೂಪಿಯ’, ಮಾಲ್ಡೀವ್ಸಿನ ‘ರುಫಿಯಾ’ ಇವೂ ಇದೇ ಕುಲದವು. ಪೂರ್ವ ಆಫ್ರಿಕೆಯಲ್ಲಿ ಜರ್ಮನರು ಆಳುತ್ತಿದ್ದಾಗ ಅವರೂ ‘ರೂಪೀ’ಯೆಂದೇ ನಾಣ್ಯ ಹೊರಡಿಸಿದರು. ಬ್ರಿಟಿಷರ ಪೂರ್ವ ಆಫ್ರಿಕೆಯಲ್ಲಿ 1920ರವರೆಗೆ ರೂಪಾಯಿ ನಡೆಯುತ್ತಿತ್ತು. ಆಮೇಲೆ ಷಿಲ್ಲಿಂಗು ಬಂದಿತು. ಇವುಗಳಲ್ಲಿ ಬಹುಪಾಲು ನಾಣ್ಯಗಳು ಕಡಿಮೆ ಬೆಲೆಗೆ ದೊರೆಯುವಂತಹವು.

ಎರಡನೆಯದು ತೂತಿನ ಕಾಸು. ನಮ್ಮ 1943ರ ಕಾಸನ್ನು ನಡುವೆ ಇಟ್ಟು ಅದರ ಸುತ್ತ ಚೀನಾದ ಚೌಕತೂತಿನ ಹಳೆಯ ನಾಣ್ಯ, ಜಪಾನಿನ 5 ಯೆನ್, ಡೆನ್ಮಾರ್ಕ್ ನಾರ್ವೆಗಳ ನಾಣ್ಯಗಳು, ಪೂರ್ವ ಆಫ್ರಿಕೆಯ ಸೆಂಟು ಇವನ್ನು ಜೋಡಿಸಿದರೆ ಸೊಗಸಾದ ಒಂದು ಪುಟವಾಗುತ್ತದೆ. ಮಕ್ಕಳಿಗಂತೂ ಇದು ತುಂಬ ಹಿಡಿಸುವ ವಿಷಯ. ತೂತು ಏಕೆ ಎಂಬ ಒಂದು ಪ್ರಶ್ನೆಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ: ಚೀನಿಯರು ದಾರದಲ್ಲಿ ಪೋಣಿಸಿ ಒಯ್ಯುತ್ತಿದ್ದರು, ನಮ್ಮವರು ಲೋಹವನ್ನು ಉಳಿಸಿದರು, ಕೆಲವೆಡೆ ಮುಟ್ಟಿದೊಡನೆ ಗುರುತು ಹತ್ತುವುದಕ್ಕೆ ಅದು ಅನುಕೂಲವಾಯಿತು.

ಮೂರನೆಯದು ಕರಾವಳಿಯ ವ್ಯಾಪಾರ. ಒಂದು ಕಾಲಕ್ಕೆ ಬಸರೂರಿನಲ್ಲಿ ಮಳಿಗೆಯಿಟ್ಟಿದ್ದ ಡಚ್ಚರ ಕಂಪನಿ ಹೊರಡಿಸಿದ ‘ಡ್ಯೂಟ್’ ಎಂಬ ತಾಮ್ರದ ನಾಣ್ಯ ಇಂದಿಗೂ ಸುಲಭವಾಗಿ ಸಿಗುತ್ತದೆ. ಮೂರು ಅಕ್ಷರಗಳನ್ನು ಹೆಣೆದ ಕಂಪನಿಯ ಮುದ್ರೆ ಒಂದು ಕಡೆ, ಇಸವಿ ಸ್ಪಷ್ಟವಾಗಿರುತ್ತದೆ. ಹದಿನೆಂಟನೆಯ ಶತಮಾನದ ನಾಣ್ಯವೊಂದನ್ನು ಅಷ್ಟು ಅಗ್ಗವಾಗಿ ಕೈಯಲ್ಲಿ ಹಿಡಿಯುವ ಸುಖ ಬೇರೆಡೆ ಕಡಿಮೆ.

ನಾಲ್ಕನೆಯದು, ಅಳಿದುಹೋದ ನಾಣ್ಯಗಳು. 2002ರ ಜನವರಿ 1ರಂದು ಯೂರೋಪಿನ 12 ದೇಶಗಳಲ್ಲಿ ‘ಯೂರೋ’ ಚಲಾವಣೆಗೆ ಬಂದಿತು. ಫ್ರಾನ್ಸಿನ ಫ್ರಾಂಕು, ಇಟಲಿಯ ಲಿರಾ, ಜರ್ಮನಿಯ ಮಾರ್ಕು ಮುಂತಾದವು ಅದರೊಂದಿಗೆ ಬಳಕೆಯಿಂದ ಮರೆಯಾದವು. ಇಂಗ್ಲೆಂಡಿನಲ್ಲಿ 12 ಪೆನ್ನಿಗೆ ಷಿಲ್ಲಿಂಗು, 20 ಷಿಲ್ಲಿಂಗಿಗೆ ಪೌಂಡು ಎಂಬ ಲೆಕ್ಕ 1971ರ ಫೆಬ್ರವರಿ 15ರವರೆಗೆ ಇದ್ದಿತು. ಆಣೆ ಪೈಗಳ ಲೆಕ್ಕವನ್ನು ಬಲ್ಲ ಹಿರಿಯರಿದ್ದ ಮನೆಯಲ್ಲಿ ಆ ಲೆಕ್ಕದ ಕಷ್ಟಸುಖವನ್ನು ಯಾರೂ ಬೇರೆಯಾಗಿ ಹೇಳಿಕೊಡಬೇಕಾದುದಿಲ್ಲ.

ಅಮೆರಿಕೆಯಲ್ಲೋ ದುಬೈಯಲ್ಲೋ ಇರುವ ಮಕ್ಕಳು ಊರಿಗೆ ಬಂದಾಗ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಕೇಳಿ ಪಡೆಯುವುದು ಎಲ್ಲಕ್ಕಿಂತ ಅಗ್ಗದ ಆರಂಭ. ಅಮೆರಿಕೆಯ ಕಾಲು ಡಾಲರಿನಲ್ಲಿ 1999ರಿಂದ 2008ರವರೆಗೆ 50 ರಾಜ್ಯಗಳಿಗೂ ಒಂದೊಂದು ಚಿತ್ರ ಹೊರಟಿತು. ಬಂದವರೆಲ್ಲರ ಜೇಬನ್ನು ಜಾಲಾಡಿದರೆ ಆ ಐವತ್ತನ್ನು ದುಡ್ಡಿಲ್ಲದೆಯೇ ಕೂಡಿಸಬಹುದು.

ಇಸವಿಯ ಗಣಿತ

ಕೊಂಡದ್ದನ್ನು ಓದಲು ಬಾರದಿದ್ದರೆ ಅದು ಬರಿಯ ಲೋಹ. ಪರದೇಶದ ನಾಣ್ಯದಲ್ಲಿ ಮೊದಲು ತೊಡಕುವುದು ಇಸವಿ. ನೇಪಾಳದ ನಾಣ್ಯದಲ್ಲಿ 2060 ಎಂದಿದ್ದರೆ ಗಾಬರಿಯಾಗಬೇಕಾದುದಿಲ್ಲ, ಅದು ವಿಕ್ರಮಶಕ. 57 ಕಳೆದರೆ 2003. ಥಾಯ್‌ಲೆಂಡಿನವರದು ಬುದ್ಧಶಕ, 2500ರಲ್ಲಿ 543 ಕಳೆದರೆ 1957. ಅರಬ್ಬೀ ನಾಣ್ಯಗಳ ಹಿಜರಿ ವರ್ಷ ಚಾಂದ್ರಮಾನದ್ದಾದುದರಿಂದ ನೇರವಾಗಿ ಕೂಡಿಸಿದರೆ ಸರಿಹೋಗದು. ಹಿಜರಿಯನ್ನು 0.97ರಿಂದ ಗುಣಿಸಿ 622 ಸೇರಿಸಬೇಕು; ಹಿಜರಿ 1400 ಎಂದರೆ ಸುಮಾರು 1980. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನು ಬರೆಯುತ್ತಾರೆ. ಷೋವಾ ಆಳ್ವಿಕೆಯ ಮೊದಲನೆಯ ವರ್ಷ 1926. ಆದುದರಿಂದ ಷೋವಾ 39 ಎಂದರೆ ಟೋಕಿಯೊ ಒಲಿಂಪಿಕ್ಸ್ ನಡೆದ 1964.

ಟಿಪ್ಪು ಸುಲ್ತಾನನ ನಾಣ್ಯಗಳನ್ನು ಕೂಡಿಸಿದವನಿಗೆ ಈ ವಿದ್ಯೆ ಹೊಸದೆನಿಸದು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿಯನ್ನು ಬಿಟ್ಟು ‘ಮೌಲೂದಿ’ ಶಕವನ್ನು ತಂದನು. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದನು. ಆ ತಿರುಗುಮುರುಗನ್ನು ಬಿಡಿಸಿದ ಕಣ್ಣಿಗೆ ಮೊರಾಕೋ ಆಗಲಿ ಮಸ್ಕತ್ ಆಗಲಿ ಭಯ ಹುಟ್ಟಿಸಲಾರದು.

ಇಸವಿಯನ್ನು ಓದಿದ ಮಾತ್ರಕ್ಕೆ ನಂಬಿಬಿಡಬೇಕೆಂದೂ ಇಲ್ಲ. ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿಯ ದೊಡ್ಡ ಬೆಳ್ಳಿ ನಾಣ್ಯ ಇದಕ್ಕೆ ಉತ್ತಮ ನಿದರ್ಶನ. ರಾಣಿ ತೀರಿಕೊಂಡ 1780 ಎಂಬ ಇಸವಿಯೇ ಅದರ ಮೇಲಿರುತ್ತದೆ. ಆದರೆ ಅರೇಬಿಯ, ಇಥಿಯೋಪಿಯಗಳ ವ್ಯಾಪಾರಿಗಳು ಆ ನಾಣ್ಯವನ್ನಲ್ಲದೆ ಬೇರೊಂದನ್ನು ನಂಬುತ್ತಿರಲಿಲ್ಲವಾದ್ದರಿಂದ, ಹಳೆಯ ಇಸವಿಯನ್ನೇ ಇಟ್ಟು ಇಪ್ಪತ್ತನೆಯ ಶತಮಾನದಲ್ಲಿಯೂ ಹಲವು ದೇಶಗಳಲ್ಲಿ ಅಚ್ಚುಹಾಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಟಂಕಸಾಲೆಯೂ ಈ ಕೆಲಸ ಮಾಡಿತು. 1780ರದೆಂದು ಹೇಳಿ ಪುರಾತನ ವಸ್ತುವಿನ ಬೆಲೆ ಕೇಳುವ ಮಾರಾಟಗಾರನ ಮುಂದೆ ಈ ಒಂದು ಸಂಗತಿ ನೂರು ರೂಪಾಯಿಗಳನ್ನಲ್ಲ, ಸಾವಿರಾರು ರೂಪಾಯಿಗಳನ್ನು ಉಳಿಸೀತು.

ಒರೆಗಲ್ಲಿಗೆ ಹಚ್ಚುವ ಮುನ್ನ

ಇಲ್ಲಿಂದ ಮುಂದೆ ಎಚ್ಚರದ ಮಾತು. ಹಳೆಯದೆಲ್ಲವೂ ಬೆಲೆಯುಳ್ಳದ್ದೆಂಬ ಭ್ರಮೆ ಹೊಸ ಸಂಗ್ರಾಹಕನ ಮೊದಲ ಶತ್ರು. ನಾಲ್ಕನೆಯ ಶತಮಾನದ ರೋಮನ್ ಕಂಚಿನ ಕಾಸುಗಳು ರಾಶಿರಾಶಿಯಾಗಿ ಉಳಿದಿರುವುದರಿಂದ ಯೂರೋಪಿನ ಪೇಟೆಯಲ್ಲಿ ಅವು ಅಗ್ಗ. ಅದೇ, ನೂರು ವರ್ಷವೂ ಆಗದ ಯಾವುದೋ ಒಂದು ನಾಣ್ಯ ವಿರಳವಾದುದರಿಂದ ಲಕ್ಷ ರೂಪಾಯಿ ಬಾಳೀತು. ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ ಉಳಿದಿವೆ, ಎಷ್ಟು ಜನ ಬೇಡುತ್ತಾರೆ ಎಂಬ ಮೂರು ಸಂಗತಿಗಳು.

ಇದಕ್ಕೆ ಕ್ಯಾಟಲಾಗು ಬೇಕು. 1972ರಲ್ಲಿ ಮೊದಲು ಪ್ರಕಟವಾದ ಕ್ರೌಸ್ ಮತ್ತು ಮಿಶ್ಲರ್ ಅವರ ಜಗತ್ತಿನ ನಾಣ್ಯಗಳ ಕ್ಯಾಟಲಾಗು ಸಂಗ್ರಾಹಕರ ಪಂಚಾಂಗದಂತೆ. ಅದರಲ್ಲಿ ಕೊಟ್ಟ ಸಂಖ್ಯೆಯಿಂದಲೇ ವ್ಯಾಪಾರಿಗಳು ಮಾತನಾಡುವುದು. ಹೊಸ ಪ್ರತಿಯೇ ಆಗಬೇಕೆಂಬ ಹಟ ಬೇಡ. ಹಳೆಯ ಪ್ರತಿಯಲ್ಲಿ ಬೆಲೆಗಳು ಹಳತಾಗಿದ್ದರೂ ತೂಕ, ಲೋಹ, ಅಳತೆ ಹಳತಾಗುವುದಿಲ್ಲ. ನಮ್ಮ ಕಡೆಯ ನಾಣ್ಯಗಳಿಗೆ ಎ. ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ (1975) ಜೊತೆಗಿದ್ದರೆ ಹೋಲಿಸಲು ಅನುಕೂಲ.

ಎರಡನೆಯ ಶತ್ರು ನಕಲಿ. ಅಮೆರಿಕೆಯ ಹಳೆಯ ಬೆಳ್ಳಿ ಡಾಲರು, ಚೀನಾದ ಬೆಳ್ಳಿ ನಾಣ್ಯ ಇವುಗಳ ನಕಲಿಗಳು ಪೇಟೆಯಲ್ಲಿ ಹೇರಳ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳುಂಟು. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಅಂಚಿನ ಸುತ್ತ ಸಣ್ಣ ಗೆರೆ ಕಂಡರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ, ಅದು ಟಂಕಿಸಿದ್ದಲ್ಲ, ಎರಕ ಹೊಯ್ದದ್ದೆಂದು ಶಂಕಿಸಬೇಕು. ಗ್ರಾಮಿನ ನೂರರಲ್ಲೊಂದು ಭಾಗ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಇನ್ನೂ ಲೇಸು. ‘ಮಾರ್ಗನ್’ ಎಂಬ ಅಮೆರಿಕದ ಬೆಳ್ಳಿ ಡಾಲರು 26.73 ಗ್ರಾಂ ತೂಗಬೇಕು. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿದರೆ, ತಕ್ಕಡಿಯ ತೂಕ ಸುಮಾರು 2.6 ಗ್ರಾಂ ಏರಬೇಕು. ಮೂರಕ್ಕೆ ಮೀರಿ ಏರಿದರೆ ಲೋಹ ಹಗುರವಾದುದೆಂದರ್ಥ. ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಮೂರನೆಯ ಶತ್ರು ಮನೆಯೊಳಗೇ ಇದೆ, ಅದು ಹುಣಸೆಹಣ್ಣು! ಹಬ್ಬದ ಮುಂಚೆ ಹಿತ್ತಾಳೆಯ ಪಾತ್ರೆಗಳ ಸಾಲಿನಲ್ಲಿ ನಾಣ್ಯಗಳನ್ನೂ ಇಟ್ಟು ಹುಳಿ ಹಚ್ಚಿ ಬೂದಿಯಲ್ಲಿ ತಿಕ್ಕಿ ಥಳಥಳಿಸುವಂತೆ ಮಾಡಿದರೆ ಶತಮಾನಗಳ ಬಣ್ಣವೂ ಅದರೊಂದಿಗೆ ನಾಣ್ಯದ ಬೆಲೆಯೂ ತೊಳೆದುಹೋಗುತ್ತವೆ. ಸಂಗ್ರಾಹಕರು ಬಯಸುವುದು ಹೊಳಪನ್ನಲ್ಲ, ಮೂಲದ ಮೈಬಣ್ಣವನ್ನು. ಮೆದುವಾದ ಅಗ್ಗದ ಪ್ಲಾಸ್ಟಿಕ್ ಚೀಲಗಳಿಂದಲೂ ಅಪಾಯವುಂಟು; ವರ್ಷಗಳು ಕಳೆದಂತೆ ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಕಾಗದದ ಲಕೋಟೆ ಎಷ್ಟೋ ವಾಸಿ.

ಕಾಯಿದೆ ಏನೆನ್ನುತ್ತದೆ?

ಪರದೇಶದ ಹಣವನ್ನು ಮನೆಯಲ್ಲಿಡುವುದು ಅಪರಾಧವೇನೋ ಎಂದು ಅಂಜುವವರಿದ್ದಾರೆ. ವಿದೇಶೀ ವಿನಿಮಯದ ನಿಯಮಗಳ ಪ್ರಕಾರ ಪರದೇಶದ ನಾಣ್ಯಗಳನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಮಿತಿಯಿರುವುದು ನೋಟುಗಳಿಗೆ. ಅಂಚೆಯಲ್ಲಿ ಹೊರದೇಶದಿಂದ ತರಿಸಿದಾಗ ಮಾತ್ರ ಸುಂಕ ಬಿದ್ದೀತು. ಕೊಳ್ಳುವ ಬೆಲೆಯ ಜೊತೆಗೆ ಅಂಚೆವೆಚ್ಚವನ್ನೂ ಸುಂಕವನ್ನೂ ಮೊದಲೇ ಲೆಕ್ಕಹಾಕಬೇಕು. ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ.

ಇನ್ನೊಂದು ಮುಖ್ಯ ಸಂಗತಿ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಅದನ್ನು ದೇಶದಿಂದ ಹೊರಕ್ಕೆ ಕಳುಹಿಸಲು ಖಾಸಗಿಯವರಿಗೆ ಅಧಿಕಾರವಿಲ್ಲ. ಹೊರಗಿನಿಂದ ತರಿಸಿದ ಹಳೆಯ ನಾಣ್ಯವನ್ನು ಮೆಚ್ಚದೆ ಹೋದರೆ ಹಿಂದಕ್ಕೆ ಕಳುಹಿಸುವುದಾಗಲಿ, ಮುಂದೆ ಅಲ್ಲಿಯ ಪೇಟೆಯಲ್ಲಿ ಮಾರುವುದಾಗಲಿ ಸುಲಭವಲ್ಲ. ಬರುವ ಬಾಗಿಲು ಅಗಲ, ಹೋಗುವ ಬಾಗಿಲು ಇಕ್ಕಟ್ಟು. ಆದುದರಿಂದ ಪರದೇಶದ ನಾಣ್ಯವನ್ನು ಬಂಡವಾಳವೆಂದು ಎಣಿಸಿ, ಮಗಳ ಮದುವೆಗೆಂದು ಇಟ್ಟ ಹಣವನ್ನು ಅದರಲ್ಲಿ ತೊಡಗಿಸುವುದು ಅವಿವೇಕ. ತಿಂಗಳ ಖರ್ಚು ಕಳೆದು ಉಳಿದುದರಲ್ಲಿ, ಹೋದರೆ ಹೋಯಿತೆನ್ನಬಹುದಾದಷ್ಟನ್ನು ಮಾತ್ರ ಇದಕ್ಕೆ ಮೀಸಲಿಡಬೇಕು. ಗೃಹಿಣಿಯ ಪ್ರಶ್ನೆಗೆ ಉತ್ತರದ ಇನ್ನರ್ಧ ಇದೇ.

ಒಂದು ಪ್ರಲೋಭನ

ಇಷ್ಟೆಲ್ಲ ಎಚ್ಚರಿಕೆಯಿಂದ ನಡೆದವನಿಗೂ ಒಂದು ದಿನ ಒಂದು ಪರೀಕ್ಷೆ ಎದುರಾಗಬಹುದು. ಯಾರೋ ಒಬ್ಬ ಬಂದು ಚಿಂದಿಬಟ್ಟೆಯ ಗಂಟು ಬಿಚ್ಚುತ್ತಾನೆ. “ಹೊಲ ಉಳುವಾಗ ಸಿಕ್ಕಿದ್ದು ಸ್ವಾಮಿ, ಯಾರಿಗೂ ಹೇಳಬೇಡಿ” ಎನ್ನುತ್ತಾನೆ. ಅಂಗೈಯ ಮೇಲೆ ಟೈಬೀರಿಯಸನ ತಲೆ ಮಿನುಗುತ್ತದೆ. ಪರದೇಶದ ನಾಣ್ಯಕ್ಕೆ ಹಂಬಲಿಸುತ್ತಿದ್ದವನ ಬಾಗಿಲಿಗೆ ರೋಮ್ ನಗರವೇ ನಡೆದುಬಂದಂತೆ!

ಇಲ್ಲಿ ಕೈ ಚಾಚಬಾರದು. ಅದು ನಕಲಿಯಾಗಿದ್ದರೆ ಹಣ ಹೋಯಿತು. ಅಸಲಿಯಾಗಿದ್ದರೆ ಹೋಗುವುದು ಹಣಕ್ಕಿಂತ ಹೆಚ್ಚಿನದು. ನೆಲದಲ್ಲಿ ಸಿಕ್ಕ ನಿಧಿಯ ವಿಚಾರವನ್ನು ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದೆಂಬುದು ಕಾಯಿದೆ. ತಿಳಿಸಿದವನಿಗೆ ಪ್ರತಿಫಲ ಸಲ್ಲುವ ಏರ್ಪಾಟೂ ಅದರಲ್ಲಿಯೇ ಉಂಟು. ಆದರೆ ಕಾಯಿದೆಯ ಭಯಕ್ಕಿಂತ ಮಿಗಿಲಾದ ಕಾರಣವೊಂದಿದೆ. ಅದನ್ನು ಅರಿಯಲು ಮತ್ತೆ ಚಂದ್ರವಳ್ಳಿಗೆ ಹೋಗಬೇಕು.

ಚಂದ್ರವಳ್ಳಿಯನ್ನು ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯೂ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿಯೂ ಪದರ ಪದರವಾಗಿ ಉತ್ಖನನ ನಡೆಸಿದರು. ಮಡಕೆಯ ಚೂರು, ಮಣಿ, ಕಬ್ಬಿಣದ ತುಂಡು ಇವು ತಮ್ಮ ವಯಸ್ಸನ್ನು ತಾವಾಗಿಯೇ ಹೇಳಲಾರವು. ಆದರೆ ಚಕ್ರವರ್ತಿಯ ಹೆಸರು ಹೊತ್ತ ರೋಮನ್ ನಾಣ್ಯದ ಕಾಲ ಖಚಿತ. ಟೈಬೀರಿಯಸ್ ಆಳಿದ್ದು ಕ್ರಿಸ್ತಶಕ 14ರಿಂದ 37ರವರೆಗೆ. ಅಂತಹ ನಾಣ್ಯವಿದ್ದ ಪದರ ಅದಕ್ಕಿಂತ ಹಿಂದಿನದಾಗಲಾರದು. ಆ ಆಧಾರದಿಂದ ಅಕ್ಕಪಕ್ಕದ ಮಡಕೆಯ ಕಾಲ, ಅಂತಹುದೇ ಮಡಕೆ ಸಿಕ್ಕ ಬೇರೆ ಊರುಗಳ ಕಾಲ, ಹೀಗೆ ಕೊಂಡಿ ಕೊಂಡಿಯಾಗಿ ದಕ್ಷಿಣದ ಪ್ರಾಚೀನ ಜನಜೀವನದ ಕಾಲಗಣನೆಗೆ ಒಂದು ನೆಲೆ ದೊರೆಯಿತು. ಅಂಗೈಗಿಂತ ಚಿಕ್ಕದಾದ ಬೆಳ್ಳಿಯ ಬಿಲ್ಲೆ ಮಾಡಿದ ಕೆಲಸವಿದು. ಅದು ಈ ಕೆಲಸ ಮಾಡಲು ಶಕ್ತವಾದುದು ಬಿದ್ದ ಜಾಗದಲ್ಲಿಯೇ ಇದ್ದುದರಿಂದ.

ಅದೇ ನಾಣ್ಯವನ್ನು ರಾತ್ರೋರಾತ್ರಿ ಅಗೆದು ಚಿಂದಿಯಲ್ಲಿ ಕಟ್ಟಿ ತಂದರೆ ಏನು ಉಳಿಯಿತು? ನಾಲ್ಕು ಗ್ರಾಮಿನೊಳಗಿನ ಬೆಳ್ಳಿ. ಅಂತಹ ನಾಣ್ಯ ಯೂರೋಪಿನ ಪೇಟೆಯಲ್ಲಿ ಎಷ್ಟೋ ಇವೆ. ಆದರೆ ಯಾವ ಹೊಲ, ಎಷ್ಟು ಆಳ, ಜೊತೆಗೆ ಯಾವ ಮಡಕೆ ಎಂಬುದು ಜಗತ್ತಿನ ಬೇರಾವ ಕಡೆಯಲ್ಲಿಯೂ ಸಿಗುವಂತಿರಲಿಲ್ಲ, ಅದೇ ಅಳಿಸಿಹೋಯಿತು. ಕೊಳ್ಳುವ ಕೈ ಇರುವವರೆಗೆ ಅಗೆಯುವ ಕೈ ನಿಲ್ಲದು. ಆದುದರಿಂದ ನಾಡಿನ ಚರಿತ್ರೆಯನ್ನು ಪ್ರೀತಿಸಿ ಈ ಹವ್ಯಾಸಕ್ಕೆ ಇಳಿದವನು ಇಂತಹ ವೇಳೆಯಲ್ಲಿ ಮಾಡಬೇಕಾದುದು ಒಂದೇ: ತಂದವನನ್ನು ಬೈಯದೆ, ಬೆದರಿಸದೆ, ತಹಸೀಲ್ದಾರರಲ್ಲಿಗೋ ಪುರಾತತ್ತ್ವ ಇಲಾಖೆಯ ಕಚೇರಿಗೋ ಕರೆದುಕೊಂಡು ಹೋಗುವುದು. ರೋಮನ್ ನಾಣ್ಯ ತನಗೆ ಬೇಕೇಬೇಕೆಂದಿದ್ದರೆ, ಎಲ್ಲಿಂದ ಬಂದಿತೆಂಬ ಕಾಗದಪತ್ರವನ್ನು ಕೊಡಬಲ್ಲ, ಪರವಾನಗಿಯುಳ್ಳ ವ್ಯಾಪಾರಿಯಿಂದಲೇ ಕೊಳ್ಳಬಹುದು.

ನಾಣ್ಯಕ್ಕೊಂದು ಜಾತಕ

ಹೊಲದ ನಾಣ್ಯಕ್ಕೆ ನೆಲೆ ಹೇಗೆ ಮುಖ್ಯವೋ ಪೆಟ್ಟಿಗೆಯ ನಾಣ್ಯಕ್ಕೆ ದಾಖಲೆ ಹಾಗೆ ಮುಖ್ಯ. ಒಂದು ಗಟ್ಟಿಯಾದ ರಟ್ಟಿನ ನೋಟುಬುಕ್ಕಿನಲ್ಲಿ ಪ್ರತಿಯೊಂದು ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು, ದೇಶ, ಇಸವಿ, ಲೋಹ, ತೂಕ, ಕ್ಯಾಟಲಾಗಿನ ಸಂಖ್ಯೆ, ಯಾರಿಂದ ಎಂದು ಬಂದಿತು, ಕೊಟ್ಟ ಬೆಲೆ ಎಷ್ಟು ಎಂಬುದನ್ನು ಬರೆದಿಡಬೇಕು. ಕನ್ನಡದಲ್ಲಿಯೇ ಬರೆಯಬೇಕು, ಏಕೆಂದರೆ ಅದನ್ನು ಓದಬೇಕಾದವರು ಮನೆಯವರು.

ಸಂಗ್ರಾಹಕನು ಕಣ್ಮುಚ್ಚಿದ ಮೇಲೆ ಅವನ ಪೆಟ್ಟಿಗೆಗೆ ಒದಗುವ ಗತಿ ಬಹಳ ಮನೆಗಳಲ್ಲಿ ಒಂದೇ. ಯಾವುದು ಏನೆಂದು ತಿಳಿಯದ ಮಕ್ಕಳು ಬೆಳ್ಳಿಯನ್ನು ತೂಕಕ್ಕೆ ಹಾಕುತ್ತಾರೆ, ತಾಮ್ರವನ್ನು ಗುಜರಿಗೆ ಕೊಡುತ್ತಾರೆ, ಉಳಿದುದನ್ನು ಮೊಮ್ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳ ಕೂಡಿಕೆ ಇಪ್ಪತ್ತು ನಿಮಿಷಗಳಲ್ಲಿ ಕರಗುತ್ತದೆ. ನೋಟುಬುಕ್ಕು ಇದ್ದ ಮನೆಯಲ್ಲಿ ಹಾಗಾಗುವುದು ಕಡಿಮೆ. ಭಾನುವಾರದ ಒಂದು ಗಂಟೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಾಣ್ಯ, ಒಂದು ಭೂಪಟ, ಒಂದು ಪುಟ ಬರವಣಿಗೆ ಎಂಬ ಕ್ರಮವಿಟ್ಟುಕೊಂಡರೆ ವರ್ಷಕ್ಕೆ ಐವತ್ತು ನಾಣ್ಯಗಳ ಜಾತಕ ಸಿದ್ಧವಾಗುತ್ತದೆ.

ಆ ಪುಸ್ತಕದ ಮೊದಲ ಪುಟಕ್ಕೆ ಹೊಸದಾಗಿ ಕೊಂಡ ಪರದೇಶದ ನಾಣ್ಯವನ್ನು ಹುಡುಕಬೇಕಾದುದಿಲ್ಲ. ಅಜ್ಜಿಯ ಪುತಳಿ ಸರವನ್ನು ಹೊರಗೆ ತೆಗೆದು, ಬಿಲ್ಲೆಗಳನ್ನು ಎಣಿಸಿ, ಅಕ್ಷರಗಳನ್ನು ಪರೀಕ್ಷಿಸಿ, ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂದು ಅಜ್ಜಿಯ ಬಾಯಿಂದಲೇ ಕೇಳಿ ಬರೆದರೆ ಸಾಕು. ತೂಕವನ್ನು ತಕ್ಕಡಿ ನಾಳೆಯೂ ಹೇಳುತ್ತದೆ; ಉಳಿದುದನ್ನು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡಬೇಕು.